ಸೇಂಟ್ ಆಗ್ನೆಸ್‌ನಲ್ಲಿ ಎರಡು ದಿನ: ಗಣಿ, ಕಡಲತೀರ ಮತ್ತು ಕಾಲುದಾರಿ

ಪ್ರಶ್ನೆ:
ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಆ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯವರು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರನ್ನು ಕರೆಸಿಕೊಂಡಿದ್ದರೆಂದು ತಿಳಿದಾಗಿನಿಂದ ಆ ಸೀಮೆಯನ್ನು ನೋಡುವ ಆಸೆ ನನ್ನನ್ನು ಬಿಟ್ಟಿಲ್ಲ. ಸೆಪ್ಟೆಂಬರಿನಲ್ಲಿ ಅಮ್ಮನೊಂದಿಗೆ ಎರಡು ದಿನ ಸೇಂಟ್ ಆಗ್ನೆಸ್ ಗ್ರಾಮದಲ್ಲಿ ಉಳಿಯಲಿದ್ದೇನೆ. ಅಮ್ಮನಿಗೆ ಮಂಡಿನೋವಿದೆ. ಏನನ್ನು ತಪ್ಪದೆ ನೋಡಬೇಕು?

ಉತ್ತರ 1:
ಮೊದಲು ಹಳೆಯ ತವರದ ಗಣಿಯಾದ ವೀಲ್ ಕೋಟ್ಸ್‌ಗೆ ಹೋಗಿ. ಕಾರ್ನಿಷ್ ಭಾಷೆಯಲ್ಲಿ 'ವೀಲ್' ಎಂದರೆ ಗಣಿ. ಕಡಲಂಚಿನ ಬಂಡೆಯ ಮೇಲೆ ನಿಂತಿರುವ ಟೋವನ್‌ರೋತ್ ಎಂಜಿನ್ ಮನೆಯನ್ನು 1872ರಲ್ಲಿ ಕಟ್ಟಿದ್ದು, ಸಮುದ್ರಮಟ್ಟಕ್ಕಿಂತ ಕೆಳಗೆ ಇಳಿದಿದ್ದ ಗಣಿಯಿಂದ ನೀರನ್ನು ಮೇಲೆತ್ತುವ ಉಗಿಯಂತ್ರ ಅದರೊಳಗಿತ್ತು. ಚಿಮಣಿಯ ಬುಡ ಕಲ್ಲಿನದು, ತುದಿ ಇಟ್ಟಿಗೆಯದು; ಎತ್ತರಕ್ಕೆ ಹೋದಂತೆ ಹಗುರವಾದ ಇಟ್ಟಿಗೆಯಲ್ಲಿ ಕಟ್ಟುವುದು ಸುಲಭವಾಗಿತ್ತು. ಸ್ವಲ್ಪ ಮೇಲೆ, ಅದಿರನ್ನು ಕುಟ್ಟುತ್ತಿದ್ದ ಜಾಗದ ಬಳಿ, ತವರದ ಅದಿರನ್ನು ಹುರಿದು ಆರ್ಸೆನಿಕ್ ಬೇರ್ಪಡಿಸುತ್ತಿದ್ದ ಕುಲುಮೆಯ ಅವಶೇಷವೂ ಇದೆ. ನಿಮ್ಮ ತಾಯಿಯವರು ಮೇಲಿನ ಕಟ್ಟಡಗಳವರೆಗೆ ನಿಧಾನವಾಗಿ ಬರಬಹುದು. ಟೋವನ್‌ರೋತ್‌ಗೆ ಇಳಿಯುವ ದಾರಿ ಕಡಿದಾಗಿದೆ. ಬೇಸಗೆಯ ಕೊನೆಯಲ್ಲಿ ಅಲ್ಲೆಲ್ಲ ನೇರಳೆ ಹೀದರ್ ಮತ್ತು ಹಳದಿ ಗೋರ್ಸ್ ಹೂಗಳು ಒಟ್ಟಿಗೆ ಅರಳಿರುತ್ತವೆ. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಹೋಗುವುದಾದರೆ ಇನ್ನೂ ಒಳ್ಳೆಯದು.

ಉತ್ತರ 2:
ವೀಲ್ ಕೋಟ್ಸ್ ಪಕ್ಕದಲ್ಲೇ ಇರುವ ಚಾಪೆಲ್ ಪೋರ್ತ್ ಕಡಲತೀರದ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಇಳಿತದ ವೇಳೆ ಮರಳು ದಕ್ಷಿಣಕ್ಕೆ ಪೋರ್ತ್‌ಟೋವನ್‌ವರೆಗೂ ಹರಡಿಕೊಂಡಿರುತ್ತದೆ. ಉಬ್ಬರ ಬಂದರೆ ಅದೇ ತೀರ ಬಹುತೇಕ ಮುಳುಗಿ, ಬಂಡೆಗಳ ಬುಡದಲ್ಲಿರುವವರಿಗೆ ಹಿಂದಿರುಗುವ ದಾರಿಯೇ ಉಳಿಯುವುದಿಲ್ಲ. ಆ ದಿನದ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡದೆ ಮರಳಿಗೆ ಇಳಿಯಬೇಡಿ. ಗಣಿಗೆ ಇಳಿಯಲು ತೋಡಿದ್ದ ಹಳೆಯ ಶಾಫ್ಟ್‌ಗಳು (ಬಾವಿಯಂಥ ಆಳದ ಗುಂಡಿಗಳು) ಸುತ್ತಲೂ ಇರುವುದರಿಂದ ಕಾಲುದಾರಿಯನ್ನೂ ಬಿಟ್ಟು ನಡೆಯಬಾರದು.

ಉತ್ತರ 3:
ಎರಡನೆಯ ದಿನವನ್ನು ಟ್ರೆವೆಲಾಸ್ ಕಣಿವೆಗೆ ಮೀಸಲಿಡಿ. ಅಲ್ಲಿನ ಬ್ಲೂ ಹಿಲ್ಸ್‌ನಲ್ಲಿ ಇಂದಿಗೂ ಸಣ್ಣ ಪ್ರಮಾಣದಲ್ಲಿ ತವರವನ್ನು ತಯಾರಿಸುತ್ತಾರೆ. ಅದಿರನ್ನು ಕುಟ್ಟಿ, ತೊಳೆದು, ಕರಗಿಸುವ ಬಗೆಯನ್ನು ಕಂಡ ಮೇಲೆ ವೀಲ್ ಕೋಟ್ಸ್‌ನ ಆ ಒಡೆದ ಗೋಡೆಗಳು ಏತಕ್ಕಿದ್ದವೆಂಬುದು ಮನಸ್ಸಿಗೆ ಇಳಿಯುತ್ತದೆ. ನನ್ನ ಮಟ್ಟಿಗೆ ಇದನ್ನೇ ಮೊದಲು ನೋಡಬೇಕಿತ್ತು. ಸಂಜೆ ತಾಯಿಯವರು ಟ್ರೆವಾನನ್ಸ್ ಕೋವ್ ಎಂಬ ಸಣ್ಣ ಕೊಲ್ಲಿಯ ದಡದಲ್ಲಿ ಕುಳಿತಿರಲಿ, ನೀವು 192 ಮೀಟರ್ ಎತ್ತರದ ಸೇಂಟ್ ಆಗ್ನೆಸ್ ಬೀಕನ್ ಗುಡ್ಡವನ್ನು ಹತ್ತಿ ಬನ್ನಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಬ್ಲೂ ಹಿಲ್ಸ್ ಮೊದಲ ದಿನವೇ ಆಗಲಿ. ತಾತನ ಗಣಿದೀಪ ಅಮ್ಮನ ಬಳಿ ಇನ್ನೂ ಇದೆ. ಅದರ ಚಿತ್ರವನ್ನು ಜೊತೆಗೆ ಒಯ್ದು ಅಲ್ಲಿನವರಿಗೆ ತೋರಿಸುತ್ತೇವೆ.