ಸಹಾಯ ಬೇಕು: ಮಾಂಟೆಸ್ಸರಿ ಪದ್ಧತಿಯ ಕನ್ನಡ ಅಕ್ಷರಗಳನ್ನು ಮನೆಯಲ್ಲೇ ತಯಾರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಸಮೀಪದ ಕಾಫಿ ತೋಟದಲ್ಲಿ ವಾಸವಾಗಿದ್ದು, ಮಳೆಗಾಲದಲ್ಲಿ ದಿನವೂ ಪೇಟೆಗೆ ಹೋಗಿಬರುವುದು ಕಷ್ಟವಾದ್ದರಿಂದ ಮೂರೂವರೆ ವರ್ಷದ ಮಗಳಿಗೆ ಮನೆಯಲ್ಲೇ ಮಾಂಟೆಸ್ಸರಿ ಚಟುವಟಿಕೆಗಳನ್ನು ಮಾಡಿಸುತ್ತಿದ್ದೇನೆ.

ಸುರಿಯುವ ಅಭ್ಯಾಸ ಚೆನ್ನಾಗಿ ನಡೆದಿದೆ. ಎರಡು ಪುಟ್ಟ ಚೊಂಬುಗಳನ್ನು ತಟ್ಟೆಯಲ್ಲಿಟ್ಟು, ಒಣಗಿದ ಕಾಫಿ ಬೀಜವನ್ನು ಒಂದರಿಂದ ಇನ್ನೊಂದಕ್ಕೆ ಸುರಿಯುವುದನ್ನು ಮಾತಿಲ್ಲದೆ ಒಮ್ಮೆ ನಿಧಾನವಾಗಿ ತೋರಿಸಿದೆ. ಅವಳು ಅದನ್ನೇ ಮತ್ತೆ ಮತ್ತೆ ಮಾಡಿ, ತಟ್ಟೆಯ ಅಂಚಿಗೆ ಉರುಳಿದ ಒಂದೊಂದು ಬೀಜವನ್ನೂ ಹೆಬ್ಬೆರಳು, ತೋರುಬೆರಳುಗಳಿಂದ ಹೆಕ್ಕಿ ಹಾಕಿದಳು. ಮುಂದೆ ಪೆನ್ಸಿಲ್ ಹಿಡಿಯಲು ನೆರವಾಗುವುದು ಇದೇ ಹಿಡಿತ. (ಚಿಕ್ಕವನು ಬೀಜವನ್ನು ಬಾಯಿಗೆ ಹಾಕಿಕೊಳ್ಳುವ ಭಯವಿರುವುದರಿಂದ ಅವನು ಮಲಗಿದಾಗ ಮಾತ್ರ ಇದನ್ನು ಹೊರಗೆ ತೆಗೆಯುತ್ತೇನೆ.)

ತೊಡಕಿರುವುದು ಅಕ್ಷರಗಳಲ್ಲಿ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಮಗು ಬೆರಳಿನಿಂದ ಸವರುತ್ತಾ, ಅದರ ಧ್ವನಿಯನ್ನು ಉಚ್ಚರಿಸುತ್ತಾ ಕಲಿಯಬೇಕು. ನಾನು ರಟ್ಟಿಗೆ ಅಂಟಿಸಿದ ಅಕ್ಷರಗಳು ಜುಲೈ ತಿಂಗಳ ತೇವಕ್ಕೆ ಸುರುಳಿಗಟ್ಟಿ ಎದ್ದು ಬಂದವು. ರಟ್ಟಿನ ಬದಲು ತೆಳು ಪ್ಲೈವುಡ್ ಬಳಸಬಹುದೇ, ಈ ಹವೆಯಲ್ಲಿ ಯಾವ ಅಂಟು ನಿಲ್ಲುತ್ತದೆ ಎಂಬುದನ್ನು ತಿಳಿಸಿ.

ಇದಕ್ಕಿಂತ ಮುಖ್ಯವಾದದ್ದು ಕ್ರಮದ ಪ್ರಶ್ನೆ. ವರ್ಣಮಾಲೆಯಂತೆ ‘ಅ, ಆ’ದಿಂದ ಹೊರಡಬೇಕೋ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ‘ನಲಿ-ಕಲಿ’ ಪದ್ಧತಿಯಲ್ಲಿರುವಂತೆ ‘ರ, ಗ, ಸ, ದ, ಅ’ ಎಂದು ಆರಂಭಿಸಬೇಕೋ? ಬರೆಯಲು ಸುಲಭವಾದ ಕಾರಣ ಎರಡನೆಯದೇ ನನಗೆ ಸರಿಯೆನಿಸುತ್ತದೆ. ಆದರೆ ಗುಣಿತಾಕ್ಷರ, ಒತ್ತಕ್ಷರಗಳನ್ನು ಬಿಡಿ ತುಂಡುಗಳಾಗಿ ಕೊಡಬೇಕೋ, ಇಡಿಯಾಗಿ ಕೊಡಬೇಕೋ ತಿಳಿಯದು.

ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದವರು. ಆ ಪರಂಪರೆಯಲ್ಲಿ ಕಲಿತು ಕನ್ನಡದಲ್ಲಿ ಕಲಿಸಿದವರು ಇಲ್ಲಿದ್ದರೆ ದಯವಿಟ್ಟು ಉತ್ತರಿಸಿ.