ಶುಂಗೈಟ್ ಕಲ್ಲನ್ನು ಕುಡಿಯುವ ನೀರಿನಲ್ಲಿ ಹಾಕಿಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶುಂಗೈಟ್ (ಇಂಗಾಲವಿರುವ ಒಂದು ಕಪ್ಪು ಕಲ್ಲು) ಎಂದು ಹೇಳಿ ಕೊಟ್ಟ ಎರಡು ಕಲ್ಲುಗಳು ನನ್ನ ಬಳಿ ಇವೆ. ಒಂದು ನಯಗೊಳಿಸಿದ, ಮಂಕು ಕಪ್ಪಿನ ಗುಂಡುಕಲ್ಲು. ಅದರ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆಗಳಿವೆ. ಇನ್ನೊಂದು ಒರಟು ಚೂರು, ಬೆಳಕಿಗೆ ಹಿಡಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಎರಡೂ ಒಂದೇ ಕಲ್ಲೇ, ಅಥವಾ ಒಂದು ಬರೀ ಕಲ್ಲಿದ್ದಲೇ? ನೀರಿನಲ್ಲಿ ಹಾಕಿಟ್ಟರೆ ನೀರು ಶುದ್ಧವಾಗುತ್ತದೆ ಎನ್ನುತ್ತಾರೆ. ಹಾಗೆ ಮಾಡುವ ಮುನ್ನ ತಿಳಿದವರನ್ನು ಕೇಳೋಣವೆನಿಸಿತು.

ಉತ್ತರ 1

ತಮ್ಮ ವರ್ಣನೆಯನ್ನು ನೋಡಿದರೆ ಎರಡೂ ಶುಂಗೈಟ್ ಆಗಿರಬಹುದು. ವ್ಯತ್ಯಾಸವಿರುವುದು ಇಂಗಾಲದ ಪ್ರಮಾಣದಲ್ಲಿ. ಬೆಳ್ಳಿ ಹೊಳಪಿನ ಬಗೆಯಲ್ಲಿ ಅದು ಶೇ. 98ರ ಆಸುಪಾಸಿನಲ್ಲಿದ್ದರೆ, ಸಾಮಾನ್ಯವಾಗಿ ಸಿಗುವ ಮಂಕು ಬಗೆಯಲ್ಲಿ ಸುಮಾರು ಶೇ. 30 ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸ್ಫಟಿಕಶಿಲೆ ಮತ್ತು ಇತರ ಸಿಲಿಕೇಟ್ ಖನಿಜಗಳದ್ದು. ರಷ್ಯಾದ ವಾಯವ್ಯ ಭಾಗದ ಕರೇಲಿಯದಲ್ಲಿ, ಒನೇಗಾ ಸರೋವರದ ಬಳಿಯ ಶುಂಗಾ ಎಂಬ ಹಳ್ಳಿಯಿಂದ ಈ ಹೆಸರು ಬಂದಿದೆ.

ಇದು ಕಲ್ಲಿದ್ದಲಲ್ಲ. ಕಲ್ಲಿದ್ದಲು ನೆಲದ ಸಸ್ಯಗಳಿಂದ ಆದದ್ದು. ಈ ಶಿಲೆಗಳಾದರೋ ಸುಮಾರು 200 ಕೋಟಿ ವರ್ಷ ಹಳೆಯವು, ಆಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ನೀರಿನಲ್ಲಿದ್ದ ಸೂಕ್ಷ್ಮಜೀವಿಗಳ ಅವಶೇಷ ಕೆಸರಿನೊಂದಿಗೆ ಹೂತುಹೋಗಿ, ಕಾವಿಗೆ ಎಣ್ಣೆಯಾಗಿ, ಬಂಡೆಯ ಬಿರುಕುಗಳಲ್ಲಿ ಹರಿದು, ಅಲ್ಲೇ ಗಟ್ಟಿಯಾದದ್ದರಿಂದ ಬೆಳ್ಳಿ ಬಗೆ ಉಂಟಾಯಿತು. ತಾವು ಕೈಯಲ್ಲಿ ಹಿಡಿದಿರುವುದು ಒಂದು ಕಾಲದ ಪೆಟ್ರೋಲಿಯಂ ಎಂದರೂ ತಪ್ಪಾಗದು, ಇದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಶುಂಗೈಟ್ ವಿದ್ಯುತ್ತನ್ನು ಹರಿಯಗೊಡುತ್ತದೆ. ವಿದ್ಯುತ್ ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಕಲ್ಲಿಗೆ ಒತ್ತಿ ನೋಡಿ. ಕಪ್ಪು ಗಾಜಾಗಲಿ ಅಬ್ಸಿಡಿಯನ್ (ಜ್ವಾಲಾಮುಖಿಯಿಂದಾದ ಗಾಜು) ಆಗಲಿ ಹರಿಯಗೊಡುವುದಿಲ್ಲ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಹರಿಯಗೊಡುವುದರಿಂದ ಈ ಒಂದು ಪರೀಕ್ಷೆಯಿಂದಲೇ ತೀರ್ಮಾನಕ್ಕೆ ಬರಬೇಡಿ. ಆದರೆ ಗ್ರಾಫೈಟ್ ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗಿರುತ್ತದೆ, ಶುಂಗೈಟ್ ಮೇಲೆ ಬೀಳದು.

ಉತ್ತರ 2

ನೀರಿನ ಪ್ರಶ್ನೆಗೆ ನನ್ನ ಉತ್ತರ: ದಯವಿಟ್ಟು ಹಾಕಬೇಡಿ. ಆ ಹಳದಿ ಗೆರೆಗಳು ಬಹುಶಃ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ನೀರು ಮತ್ತು ಗಾಳಿ ಎರಡೂ ತಾಗಿದರೆ ಅದು ನಿಧಾನವಾಗಿ ಗಂಧಕಾಮ್ಲವನ್ನು ಬಿಡುತ್ತದೆ. ಆಮ್ಲವು ಕಲ್ಲಿನಲ್ಲಿರುವ ನಿಕ್ಕಲ್‌ನಂತಹ ಲೋಹಗಳನ್ನು ಕರಗಿಸಿ ನೀರಿಗೆ ಸೇರಿಸಬಲ್ಲದು. ಇಂತಹದೇ ಒಂದು ಕಲ್ಲನ್ನು ನಾನು ಒದ್ದೆಯಾಗಿ ಬಿಳಿ ತಟ್ಟೆಯಲ್ಲಿ ಮರೆತಿದ್ದೆ. ಕೆಲವು ವಾರಗಳ ನಂತರ ಎತ್ತಿದಾಗ ಅಡಿಯಲ್ಲಿ ತುಕ್ಕಿನ ಬಣ್ಣದ ಉಂಗುರ ಉಳಿದಿತ್ತು. ಈ ಕಲ್ಲಿನಲ್ಲಿ ಫುಲ್ಲರೀನ್ (ಇಂಗಾಲದ ಪರಮಾಣುಗಳಿಂದಾದ ಟೊಳ್ಳು ಚೆಂಡಿನಂತಹ ಅಣು) ಇದೆಯೆಂದು 1992ರಲ್ಲಿ ವರದಿಯಾದದ್ದು ನಿಜ, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಅದರಿಂದ ನೀರು ಔಷಧಿಯಾಗುವುದಿಲ್ಲ.

ಆರೈಕೆ ಸುಲಭ. ಹರಿಯುವ ನೀರಿನಲ್ಲಿ ಬೇಗನೆ ತೊಳೆದು, ಕೂಡಲೇ ಒರೆಸಿ, ಪೂರ್ತಿ ಒಣಗಿಸಿಡಿ. ಉಪ್ಪುನೀರು ಬೇಡ. ಬೆಳ್ಳಿ ಬಗೆ ಸುಲಭವಾಗಿ ಒಡೆಯುತ್ತದೆ, 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅದರ ಕಾಠಿಣ್ಯ 3.5ರಿಂದ 4ರಷ್ಟೇ, ಆದ್ದರಿಂದ ಬೇರೆ ಕಲ್ಲುಗಳ ಜೊತೆ ಇಡದೆ ಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮೀಟರಿನಲ್ಲಿ ಎರಡೂ ಕಲ್ಲುಗಳು ವಿದ್ಯುತ್ತನ್ನು ಹರಿಯಗೊಟ್ಟವು, ಉಗುರಿನಿಂದ ಗೀರಿದರೆ ಎರಡರ ಮೇಲೂ ಗೆರೆ ಬೀಳಲಿಲ್ಲ. ಬೆಳ್ಳಿ ಚೂರನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಗುಂಡುಕಲ್ಲು ಇನ್ನು ನೀರಿನ ಹೂಜಿಗೆ ಹೋಗದೆ ಮೇಜಿನ ಮೇಲೆಯೇ ಇರುತ್ತದೆ.