407ಕ್ಕೆ ದೊಡ್ಡ ಇಂಜಿನ್ ಕೂರಿಸಿದವರು ಇದ್ದೀರಾ? ಅನುಭವ ಹೇಳಿ

ಪನ್ವೇಲ್ 407:
ನಮಸ್ಕಾರ. ನನ್ನದು 2011ರ ಟಾಟಾ 407 ಸಣ್ಣ ಲಾರಿ. ವಾಶಿ ಎಪಿಎಂಸಿ ಮಾರುಕಟ್ಟೆಯಿಂದ ಪುಣೆಗೆ ಮಾಲು ಹೊಡೀತೀನಿ. ಇಂಜಿನ್ 2956 ಸಿಸಿ. ಈಗ ಹೊಗೆ ಜಾಸ್ತಿ, ಆಯಿಲ್ ಕುಡೀತಿದೆ. ಲೋಡ್ ಇದ್ದರೆ ಖಂಡಾಳ ಘಾಟಿನಲ್ಲಿ ಎರಡನೇ ಗೇರಿನಲ್ಲೇ ತೆವಳಬೇಕು. ಹಳೇ ಇಂಜಿನ್ ಬೋರ್ ಮಾಡಿಸೋ (ಸಿಲಿಂಡರ್ ಕೊರೆಸಿ ರಿಪೇರಿ ಮಾಡಿಸೋ) ದುಡ್ಡಿಗೆ ಇನ್ನಷ್ಟು ಸೇರಿಸಿ ಟಾಟಾ 709 ಲಾರಿಯ 3783 ಸಿಸಿ ಟರ್ಬೊ ಇಂಜಿನ್ ಹಾಕಿಸಿ ಅಂತಾನೆ ಮಿಸ್ತ್ರಿ. ಹಳೇ ಬ್ರೇಕ್ ಸಾಕಾಗುತ್ತಾ? ಆರ್‌ಸಿಗೆ (ನೋಂದಣಿ ಪತ್ರಕ್ಕೆ) ಏನು ಮಾಡಬೇಕು?

ಕಳಂಬೋಲಿ ಗೌಡ್ರು:
ಕಣ್ಣುಮುಚ್ಚಿ ಹಾಕಿಸಿ. ನಾನು ಹಾಕಿಸಿದೀನಿ, ಇವತ್ತಿಗೂ ಓಡ್ತಿದೆ. ಖರ್ಚು ಬರೆದಿಟ್ಟಿದ್ದೆ, ನೋಡಿ. ಮುಂಬೈನ ಕುರ್ಲಾದಲ್ಲಿ ಹಳೇ ಇಂಜಿನ್, ಪಂಪ್, ಟರ್ಬೊ ಸೇರಿ 1,40,000. ಬೆಲ್ ಹೌಸಿಂಗ್ ಸಮೇತ ಗೇರ್‌ಬಾಕ್ಸ್ 38,000. ಕ್ಲಚ್ ಸೆಟ್ 11,000. ರೇಡಿಯೇಟರ್ 14,500, ಹಳೇದು ಹಾಕಿದರೆ ಲೋಣಾವಳ ಮುಟ್ಟೋದರೊಳಗೆ ಕುದಿಯುತ್ತೆ. ಮೌಂಟಿಂಗ್ ಕಡಿದು ವೆಲ್ಡ್ ಮಾಡಿದ್ದಕ್ಕೆ 9,000. ಪ್ರೊಪೆಲ್ಲರ್ ಶಾಫ್ಟ್ ಕಡಿಸಿ ಬ್ಯಾಲೆನ್ಸ್ ಮಾಡಿಸಿದ್ದು 6,500. ಸೈಲೆನ್ಸರ್ ಪೈಪ್ 4,200. ಕೂಲಿ 22,000. ಒಟ್ಟು 2,45,200.

407ರದ್ದು, 709ರದ್ದು ಎರಡೂ ಇಂಜಿನ್ನಿಗೆ 497 ಅಂತಲೇ ಹೆಸರು. ನಾಲ್ಕು ಸಿಲಿಂಡರು, ಬೋರ್ (ಸಿಲಿಂಡರಿನ ಅಗಲ) 97 ಮಿ.ಮೀ. ಆದರೆ ಸ್ಟ್ರೋಕ್ (ಪಿಸ್ಟನ್ ಓಡೋ ಉದ್ದ) 100 ಇದ್ದದ್ದು 128 ಆಗುತ್ತೆ, ಬ್ಲಾಕ್ ಎತ್ತರ. ನನ್ನ ಗಾಡಿಯಲ್ಲಿ ಏರ್ ಕ್ಲೀನರ್ ಪೈಪು ಬಾನೆಟ್ಟಿಗೆ ಉಜ್ಜಿ ಉಜ್ಜಿ ತೂತು ಬಿತ್ತು. ಘಾಟಿನಲ್ಲಿ ಗಾಡಿ ಸುಮ್ನೆ ಸೀಟಿ ಹೊಡೀತಿತ್ತು, ಟರ್ಬೊ ಹೋಯ್ತು ಅಂತ ಇಳಿಸಿ ನೋಡಿದರೆ ಪೈಪು! ರಬ್ಬರ್ ಬೆಂಡ್ 350 ರೂಪಾಯಿ. ಆಮೇಲೆ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲಿನ ಗೇರು) ಹಲ್ಲು ಉದುರಿತು, ಅದು 31,000. ಆದರೂ ಹೇಳ್ತೀನಿ, ಮೂರನೇ ಗೇರಿನಲ್ಲಿ ಘಾಟು ಹತ್ತುವಾಗ ಪಕ್ಕದ ಗಾಡಿಯವರು ತಿರುಗಿ ನೋಡ್ತಾರೆ.

ಭೋಸರಿ ಅಪ್ಪಾ:
ಗೌಡ್ರೇ, ಆರ್‌ಸಿ ವಿಷಯ ಮಾತ್ರ ನುಂಗಿಬಿಟ್ರಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿದೀರಾ? ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಒಂದೊಂದು ಬದಲಾವಣೆಗೆ 5,000 ದಂಡ, ಎರಡೂ ಬೀಳಬಹುದು.

ಹೀಗೇ ಇಂಜಿನ್ ಬದಲಾಯಿಸಿದ್ದ ನಮ್ಮ ತಮ್ಮನ ಗಾಡಿ ಪಲ್ಟಿಯಾಯ್ತು. ಇನ್ಶೂರೆನ್ಸ್ ಸರ್ವೇಯರ್ ಬಂದವನು ಮೊದಲು ಕೈ ಹಾಕಿದ್ದು ಇಂಜಿನ್ ನಂಬರಿಗೆ. ಬಟ್ಟೆಯಲ್ಲಿ ಗ್ರೀಸ್ ಒರೆಸಿ ಟಾರ್ಚ್ ಬಿಟ್ಟು ಓದಿದ, ಫೋಟೊ ತೆಗೆದ, ಹೋದ. ಕ್ಲೇಮ್ ಒಂದು ರೂಪಾಯಿ ಬರಲಿಲ್ಲ. ಕ್ಯಾಬಿನ್ ರಿಪೇರಿಯೇ 1,18,000 ಆಯ್ತು, ಮಾಲಿನ ನಷ್ಟ ಬೇರೆ.

ನಾನು ನನ್ನ ಗಾಡಿಯ ಹಳೇ ಇಂಜಿನ್ನನ್ನೇ ರಿಪೇರಿ ಮಾಡಿಸಿ ಕಟ್ಟಿಸಿದೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಸೇರಿ 34,000. ಹೆಡ್ ಕೆಲಸ 8,500. ಪಂಪ್, ನಾಝಲ್ ಕ್ಯಾಲಿಬ್ರೇಶನ್ 16,000. ಕ್ರ್ಯಾಂಕ್ ಗ್ರೈಂಡಿಂಗ್ 4,500, ಕೂಲಿ 15,000. ಅಷ್ಟೆ. ಪಾಸಿಂಗ್‌ಗೆ (ಆರ್‌ಟಿಒ ತಪಾಸಣೆಗೆ) ಎದೆ ಉಬ್ಬಿಸಿ ಹೋಗ್ತೀನಿ.

ಕಳಂಬೋಲಿ ಗೌಡ್ರು:
ಅದೇ ಕಲಮಿನಲ್ಲಿ ಅದೇ ಮೇಕು, ಅದೇ ಟೈಪಿನ ಇಂಜಿನ್ ಬದಲಾಯಿಸಬಹುದು ಅಂತಲೂ ಇದೆ. ಟಾಟಾಕ್ಕೆ ಟಾಟಾ, 497ಕ್ಕೆ 497. ಇನ್ನೇನು ಬೇಕು?

ಭೋಸರಿ ಅಪ್ಪಾ:
ಅರ್ಧ ಓದಬೇಡಿ. ಆ ಸಾಲು ಹತ್ತಕ್ಕಿಂತ ಕಮ್ಮಿ ಇಲ್ಲದಂತೆ ಸಾರಿಗೆ ಗಾಡಿ ಇಟ್ಟವರಿಗೆ. ಅದಕ್ಕೂ ರಾಜ್ಯ ಸರ್ಕಾರದ ಅನುಮತಿ ಬೇಕು. ನಿಮ್ಮ ಹತ್ತಿರ ಹತ್ತು ಗಾಡಿ ಇದೆಯಾ? ಮತ್ತೆ 2956 ಎಲ್ಲಿ, 3783 ಎಲ್ಲಿ? ಸಿಸಿ ಆರ್‌ಸಿಯಲ್ಲೇ ಬರೆದಿರುತ್ತೆ ಸ್ವಾಮಿ.

ಪನ್ವೇಲ್ 407:
ಜಗಳ ಬೇಡ ಅಣ್ಣಾವ್ರೇ. ನನ್ನ ಬ್ರೇಕಿನ ಪ್ರಶ್ನೆ ಹಾಗೇ ಉಳೀತು...

ಕುಡಚಡೆ ಟಿಪ್ಪರ್:
ಬ್ರೇಕ್ ಆಮೇಲೆ ನೋಡೋಣ, ಮೊದಲು ಕೆಲಸ ಇದೆಯಾ ನೋಡಿ. ನನ್ನ ಟಿಪ್ಪರಿಗೆ ಟಾಟಾ 697 ಇಂಜಿನ್ ತೆಗೆದು 5.9 ಲೀಟರ್ ಕಮಿನ್ಸ್ ಹಾಕಿಸಿದೆ. ಅದಿರಿನ ಟ್ರಿಪ್ಪು ಜಾಸ್ತಿ ಹೊಡೀಬೇಕು ಅಂತ. ಸೊಸೈಟಿ ಸಾಲ 3,60,000. ನಮ್ಮ ಗೋವಾದಲ್ಲಿ 2012ರಲ್ಲಿ ಗಣಿ ನಿಂತು, ಆಮೇಲೆ ಶುರುವಾಗಿತ್ತು, ಇನ್ನು ನಿಲ್ಲಲ್ಲ ಅಂತ ಎಲ್ಲರೂ ಅಂದರು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಮತ್ತೆ ಬಂದ್. ಇಂಜಿನ್ ಹೊಸದು, ರೋಡಲ್ಲಿ ಅದಿರಿಲ್ಲ. ಬ್ಯಾಟರಿ ಸತ್ತಿತು, ಟೈರು ಬಿರುಕು ಬಿಟ್ಟವು, ಕಂತು ಮಾತ್ರ ತಪ್ಪಲಿಲ್ಲ. ಕೊನೆಗೆ ಮರಳು, ಜಲ್ಲಿ ಹೊಡೆದು ತೀರಿಸಿದೆ. ಆ ಕಮಿನ್ಸ್ ಎಷ್ಟು ಚೆನ್ನಾಗಿತ್ತು ಅಂದರೆ ಮಾರುವಾಗ ಕಣ್ಣಲ್ಲಿ ನೀರು ಬಂತು.

ಕಳಂಬೋಲಿ ಗೌಡ್ರು:
ಗಣಿ ನಿಂತಿದ್ದಕ್ಕೂ ಇಂಜಿನ್ನಿಗೂ ಏನು ಸಂಬಂಧ? ಇವರು 407 ಕೇಳಿದರೆ ನೀವು ಟಿಪ್ಪರ್ ಕಥೆ ಹೇಳ್ತೀರಿ.

ಕುಡಚಡೆ ಟಿಪ್ಪರ್:
ಸಾಲ ಕಟ್ಟಿದವನಿಗೆ ಗೊತ್ತು ಸಂಬಂಧ. ನಿಮ್ಮ ಹಾಗೆ ಪಕ್ಕದವರು ನೋಡಲಿ ಅಂತ ಗಾಡಿ ಓಡಿಸೋರಲ್ಲ ನಾವು.

ಮಡಗಾಂವ್ ಮೀನು ಗಾಡಿ:
ನಾನು ಮಲ್ಪೆ ಮೀನು ತರೋನು. ಇಂಜಿನ್ ಮುಟ್ಟಲೇ ಇಲ್ಲ. ಹಿಂದಿನ ಕ್ರೌನ್ ಪಿನಿಯನ್ ರೇಶಿಯೊ ಬದಲಾಯಿಸಿದೆ, 27,000 ಪ್ಲಸ್ ಸ್ಪೀಡೊಮೀಟರ್ ಸರಿ ಮಾಡಿಸಿದ್ದು 1,200. ಕಾರವಾರದ ಕಡೆ ಏರು ಬಂದರೆ ಈಗ ಸಲೀಸು. ಆದರೆ ಸಪಾಟು ರೋಡಲ್ಲಿ 60 ದಾಟಿದರೆ ಇಂಜಿನ್ ಅರಚುತ್ತೆ. ಐಸು ಕರಗೋ ಮುಂಚೆ ಮುಟ್ಟಬೇಕಾದವನಿಗೆ ಅದು ಸಣ್ಣ ತಲೆನೋವಲ್ಲ.

ಬ್ರೇಕ್ ಕೇಳಿದರಲ್ಲ, ಇಂಜಿನ್ ದೊಡ್ಡದಾದರೆ ಬ್ರೇಕ್ ದೊಡ್ಡದಾಗಲ್ಲ. ಹತ್ತೋದು ಸುಲಭ ಆಯ್ತು ಅಂತ ಲೋಡ್ ಜಾಸ್ತಿ ಹಾಕ್ತೀರಿ, ಇಳಿಯುವಾಗ ಡ್ರಮ್ ಕಾದು ಬ್ರೇಕ್ ಲೈನರ್ ವಾಸನೆ ಬರುತ್ತೆ. ಇಳಿಜಾರಿಗೂ ಅದೇ ಗೇರು, ಎರಡನೇದು.

ಭೋಸರಿ ಅಪ್ಪಾ:
ಇದೊಂದು ಬುದ್ಧಿ ಮಾತು. ಗೌಡ್ರೇ, ಕುರ್ಲಾದ ಇಂಜಿನ್ನಿಗೆ ರಸೀದಿ ಇದೆಯಾ? ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಪೊಲೀಸರು ಕೇಳಿದರೆ?

ಕಳಂಬೋಲಿ ಗೌಡ್ರು:
ಜಿಎಸ್‌ಟಿ ಬಿಲ್ಲೇ ಇದೆ. ನಿಮ್ಮ ತಮ್ಮನ ಗಾಡಿಗೆ ಇತ್ತಾ?

ಭೋಸರಿ ಅಪ್ಪಾ:
ತಮ್ಮನ ಸುದ್ದಿಗೆ ಬರಬೇಡಿ. ಮೈಲೇಜ್ ಎಷ್ಟು ಕೊಡುತ್ತೆ ಅದು ಹೇಳಿ. ಅದನ್ನೇ ಬರೆದಿಲ್ಲ ನೀವು.

ಕಳಂಬೋಲಿ ಗೌಡ್ರು:
ಲೋಡಲ್ಲಿ ಏಳು. ಮೊದಲು ಎಂಟೂವರೆ ಇತ್ತು. ಸಮಯ ಉಳಿಯುತ್ತಲ್ಲ?

ಮಡಗಾಂವ್ ಮೀನು ಗಾಡಿ:
ಎಪಿಎಂಸಿ ಗೇಟಲ್ಲಿ ಅರ್ಧ ದಿನ ಕ್ಯೂ ನಿಲ್ಲೋರಿಗೆ ಯಾವ ಸಮಯ ಗೌಡ್ರೇ?

ಕಳಂಬೋಲಿ ಗೌಡ್ರು:
ನೀವು ಮೀನಿಗೆ ಐಸ್ ಹಾಕ್ಕೊಳ್ಳಿ ಹೋಗಿ.